ತೊಟ್ಟಿಲಲ್ಲಿ ಮೊಗೆಕಾಯಿ

ಹುಲಗೋಳ
18 ನವೆಂಬರ್ 2024, ಸೋಮವಾರ

ಅಭಿಯ ಅಪ್ಪನಿಗೆ,

ನಿಮ್ಮ ಹೆಸರು ಹಿಡಿದೇ ಬರೆಯಲು ಹೋದೆ, ಎರಡು ಸಲ ಹೊಡೆದು ಹಾಕಿದೆ. ಅದಕ್ಕೇ ಮಗಳನ್ನು ಮುಂದಿಟ್ಟುಕೊಂಡು ಬಂದಿದ್ದೇನೆ. ಅಭಿಜ್ಞಾ ಚೆನ್ನಾಗಿದ್ದಾಳೆ. ಅಂಗೈಯಲ್ಲಿ ಎರಡು ಹೊಲಿಗೆಯ ಗುರುತು ಈಗ ಕೂದಲೆಳೆಯಷ್ಟು ಉಳಿದಿದೆ. ಅದೇ ಕೈಯಲ್ಲಿ ನನ್ನ ಜಡೆ ಹಿಡಿದು ಎಳೆಯುತ್ತಾಳೆ, ಬಿಡಿಸಿಕೊಳ್ಳುವಷ್ಟರಲ್ಲಿ ನನಗೆ ಸಾಕುಬೇಕಾಗುತ್ತದೆ. ಇದನ್ನು ಮೊದಲು ಹೇಳದೆ ನಾನು ಏನು ಬರೆದರೂ ನೀವು ಓದುವವರಲ್ಲ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನಬೇಡಿ. ದಿನಾ ಸಂಜೆ ಫೋನು ಮಾಡುತ್ತೀರಿ. ಮಗು ಹಾಲು ಕುಡಿಯಿತಾ, ಕೈ ಹೇಗಿದೆ, ಸರಿ ಇಡ್ತೇನೆ. ಮುಗಿಯಿತು. ಇಪ್ಪತ್ತೊಂಬತ್ತು ದಿನದಲ್ಲಿ ಒಂದು ದಿನವಾದರೂ ನೀನು ಹೇಗಿದ್ದೀಯೇ ಎಂದು ಕೇಳಿದಿರಾ? ನಾನು ಬಾಯಿ ತೆರೆಯಬೇಕು ಎಂದುಕೊಂಡಾಗೆಲ್ಲ ನನ್ನಣ್ಣ ಮಂಜಣ್ಣ ಪಕ್ಕದಲ್ಲೇ ಪೇಪರು ಹಿಡಿದುಕೊಂಡು ಕೂತಿರುತ್ತಾನೆ, ಒಂದೇ ಪುಟವನ್ನು ಅರ್ಧ ಗಂಟೆ ಓದುತ್ತಾನೆ. ಹಾಗಾಗಿ ಈ ಪತ್ರ. ಇದರ ಜೊತೆ ಬಿಸ್ಕೀಟಿನ ಡಬ್ಬಿಯೊಂದಿದೆ. ನೀವು ಅವತ್ತು ಇಲ್ಲೇ ಬಿಟ್ಟು ಹೋದ ಮೂರು ಚಾಕುಗಳು ಅದರಲ್ಲಿವೆ. ಟೆಂಪೋದ ಕೆರಿಯಣ್ಣ ತಂದು ನಿಮ್ಮ ಕೌಂಟರಿನ ಮೇಲೆ ಇಡುತ್ತಾನೆ. ಕೈಯಿಂದ ಕೈಗೆ ಕೊಡಬೇಡ ಎಂದು ಹೇಳಿದ್ದೇನೆ. ಇರುವ ಜಗಳವೇ ಸಾಕು.

ಹೀಗೆ ಬರೆಯಲು ಕೂರಿಸಿದವನೂ ಕೆರಿಯಣ್ಣನೇ. ಮೊನ್ನೆ ಶನಿವಾರ ಹಿಂಡಿ ಚೀಲ ಇಳಿಸಲು ಬಂದಿದ್ದ. ಜಗಲಿಯಲ್ಲಿ ಕೂತು ಚಹ ಕುಡಿಯುತ್ತ, ಯಲ್ಲಾಪುರದಲ್ಲಿ ನಿಮ್ಮ ಅಂಗಡಿಯ ಗಾಜಿನ ಕಪಾಟು ಖಾಲಿಯಾಗಿದೆ ಎಂದ. ಟಾರ್ಚು, ಹಗ್ಗ, ತಾಡಪತ್ರಿ ಇವೆಯಂತೆ, ಚಾಕು ಒಂದೂ ಇಲ್ಲವಂತೆ. ಯಾರೋ ಲಾರಿ ಡ್ರೈವರು ಬಂದು, ಸಣ್ಣದೊಂದು ಒಳ್ಳೆ ಚಾಕು ತೋರಿಸಿ ಎಂದು ಕೇಳಿದನಂತೆ. "ನಂಗೆ ಚಾಕು ಗೊತ್ತಾಗೂದಿಲ್ಲ ಮಾರಾಯ, ಬೇರೆ ಕಡೆ ನೋಡು" ಎಂದಿರಂತೆ. ಗುರುವಾರ ನಮ್ಮನ್ನು ಕರೆದುಕೊಂಡು ಹೋಗಲು ಅಮ್ಮ ಬರ್ತಾಳೆ, ನಾನು ಬರೂದಿಲ್ಲ ಎಂದೂ ಹೇಳಿ ಕಳಿಸಿದ್ದೀರಿ.

ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ನಿಮಗೆ ಚಾಕು ಗೊತ್ತಾಗುವುದಿಲ್ಲವೇ? ಕಣ್ಣು ಮುಚ್ಚಿ, ಬರೀ ಶಬ್ದ ಕೇಳಿ, ಇದರಲ್ಲಿ ವಾಷರಿದೆ, ಇದರಲ್ಲಿ ಬೇರಿಂಗಿದೆ ಎನ್ನುವ ಮನುಷ್ಯ ನೀವು! ಮದುವೆಯಾದ ಹೊಸತರಲ್ಲಿ ಊಟಕ್ಕೆ ಕೂತರೂ ಟಕ್, ಹಾಸಿಗೆಯಲ್ಲೂ ಟಕ್. ನಿಮಗೆ ಹೆಂಡತಿ ಎಂತಕ್ಕೆ ಬೇಕಿತ್ತು, ಒಂದು ಡಜನ್ ಚಾಕು ಕಟ್ಟಿಕೊಂಡು ಇರಬಹುದಿತ್ತಲ್ಲ ಎಂದು ನಾನು ರೇಗಿಸಿದರೆ, ಡಜನ್ನಿಗಿಂತ ಜಾಸ್ತಿ ಇವೆ ಮಾರಾಯ್ತಿ ಎಂದು ನಗುತ್ತಿದ್ದಿರಿ. ಆ ನಗುವ ಮನುಷ್ಯನಿಗೆ ಈಗ ಚಾಕು ಗೊತ್ತಾಗುವುದಿಲ್ಲ. ಮಂಜಣ್ಣ ಮಾತ್ರ, ಈಗ ಬುದ್ಧಿ ಬಂತು ನೋಡು, ಇನ್ನು ಮಗು ಕಳಿಸಬಹುದು ಎಂದು ಎದ್ದು ಗದ್ದೆಗೆ ಹೋದ. ಚಾಕು ಬಿಟ್ಟರಷ್ಟೇ ಮಗು ಎಂದು ಅವನು ಹಾಕಿದ ಶರತ್ತನ್ನು ನೀವು ಒಂದೇ ಒಂದು ಎದುರು ಮಾತಿಲ್ಲದೆ ಒಪ್ಪಿದ್ದೀರಿ ಎಂದು ನನಗೆ ಗೊತ್ತಾಗಿದ್ದೇ ಆಗ.

ಹೆಸರಿಡುವ ದಿನ ನಿಮಗೆ ನೆನಪಿರಬೇಕು. ಮಗುವಿನ ತಲೆದಿಂಬಿನ ಕೆಳಗೆ ಅಪ್ಪನ ಮನೆಯ ಕಬ್ಬಿಣ ಇರಬೇಕು, ಅದನ್ನು ಅಪ್ಪನೇ ತಂದಿಡಬೇಕು ಎಂದು ನನ್ನಜ್ಜಿ ಸಾವಿತ್ರವ್ವ ಹಠ ಹಿಡಿದಿದ್ದಳು. ಬೇರೆಯವರಾದರೆ ಒಂದು ಮೊಳೆ ತರುತ್ತಿದ್ದರು. ನೀವು ಮಡಚುವ ಚಾಕು ಮೂರು ತಂದಿರಿ! ಚಾಪೆಯ ಮೇಲೆ ಸಾಲಾಗಿ ಇಟ್ಟು, ಬಾಣಂತಿ ಕೋಣೆಯಲ್ಲೇ ನನಗೆ ಪಾಠ ಶುರು ಮಾಡಿದಿರಿ. ಮೂರೂ ಫ್ಲಿಪರ್. ಮಡಚಿದಾಗ ಬೆನ್ನಿನ ಮೇಲೆ ಸಣ್ಣ ಕೊಂಬಿನಂಥದ್ದು ಎದ್ದಿರುತ್ತದೆ, ತೋರುಬೆರಳಿನಿಂದ ಅದನ್ನು ಒತ್ತಿದರೆ ಅಲಗು ಹೊರಗೆ ಹಾರುತ್ತದೆ. ಪೂರ್ತಿ ತೆರೆದರೆ ಒಳಗಿನ ಪಟ್ಟಿ ಅಡ್ಡ ಬಿದ್ದು ಲಾಕಾಗುತ್ತದೆ, ಆ ಪಟ್ಟಿ ಸರಿಸದೆ ಮಡಚಲು ಬರುವುದಿಲ್ಲ. ಒಳಗೆ ಸಾಸಿವೆ ಕಾಳಿನಷ್ಟು ಉಕ್ಕಿನ ಗುಂಡು ಅಲಗನ್ನು ಹಿಡಿದುಕೊಂಡಿರುತ್ತದೆ, ಅದರ ಹಿಡಿತದಲ್ಲೇ ಚಾಕುವಿನ ಹಣೆಬರಹ ಇದೆ ಎಂದಿರಿ.

ಹಸಿರು ಹಿಡಿಯದ್ದು ನಿಮ್ಮ ಮುದ್ದಿನದು. ಗುಂಡಿನ ಹಿಡಿತ ಬಿಗಿ, ಬೇರಿಂಗು ನುಣುಪು. ಒತ್ತುವ ತನಕ ಮಿಸುಕುವುದಿಲ್ಲ, ಒತ್ತಿದರೆ ನಿಲ್ಲುವುದಿಲ್ಲ. ಕರಿ ಹಿಡಿಯದ್ದು ನೋಡಲು ಚೆಂದ, ಆದರೆ ಹಿಡಿತ ಸಡಿಲ. ತಲೆಕೆಳಗು ಮಾಡಿ ಅಲ್ಲಾಡಿಸಿದರೆ ಅಲಗು ತಾನೇ ಇಣುಕುತ್ತದೆ, ಜೇಬಿನಲ್ಲಿ ಇಡಬಾರದು ಎಂದಿರಿ. ಮರದ ಹಿಡಿಯದ್ದು ಹಳೆಯ ಕ್ರಮದ್ದು. ಒಳಗೆ ಹಿತ್ತಾಳೆ ವಾಷರು, ಮೂರರಲ್ಲಿ ಎಲ್ಲಕ್ಕಿಂತ ಬಿಗಿ. ಅರ್ಧ ಮನಸ್ಸಿನಿಂದ ಒತ್ತಿದರೆ ಅಲಗು ಏಳುವುದೇ ಇಲ್ಲ, ಬೆರಳನ್ನು ಸರಿಯಾಗಿ ಕೂರಿಸಿ ಹೆದರದೆ ಒಂದೇ ಸಲ ಒತ್ತಬೇಕು. ನಾನು ನಾಲ್ಕು ಸಲ ಒತ್ತಿ ಉಗುರು ಮುರಿದುಕೊಂಡೆ. ಅವ್ವ ಮುಟ್ಟಲೇ ಇಲ್ಲ. ಮನೆಯಲ್ಲಿ ಮಂಜಣ್ಣನೊಬ್ಬನಿಗೆ ಬಂತು, ಅದೂ ಎರಡನೇ ಸಲಕ್ಕೆ. ಆಗ ನೀವು, ಮಗುವಿಗೆ ಇದೇ ಸರಿ ಎಂದು ಅದನ್ನು ಮಡಚಿ, ಮೇಲೊಂದು ರಬ್ಬರು ಬ್ಯಾಂಡು ಸುತ್ತಿ, ಸಾಸಿವೆ ದಿಂಬಿನ ಕೆಳಗೆ ಇಟ್ಟಿರಿ. ಉಳಿದೆರಡನ್ನು ನನ್ನ ಟ್ರಂಕಿನಲ್ಲಿ ಹಾಕಿದಿರಿ.

ನೀವು ಅತ್ತ ಹೋಗುತ್ತಲೇ ಅಜ್ಜಿ ಶುರು ಮಾಡಿದಳು. "ಕಟ್ಟಿ ಹಾಕಿದ ಕಬ್ಣ ಎಂತ ಕಾಯ್ತದೆ? ಕಟ್ಟಿ ಹಾಕಿದ ನಾಯಿ ಕಾಯ್ತದ್ಯಾ?" ರಬ್ಬರು ಬ್ಯಾಂಡು ಅವತ್ತೇ ಹೋಯಿತು. ಅಲ್ಲಿಗೂ ಅವಳಿಗೆ ಸಮಾಧಾನವಿಲ್ಲ. ಬಾಯಿ ಮುಚ್ಚಿದ ಚಾಕು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ, ಅಲಗಿಗೆ ಗಾಳಿ ಸೋಕಬೇಕು, ಆಗಲೇ ಅದು ಕಾವಲು ಎಂದು ದಿನಕ್ಕೆ ನಾಲ್ಕು ಸಲ ಹೇಳುವಳು. ನಾನು ನಗುತ್ತಿದ್ದೆ. ಬಿ.ಎಸ್ಸಿ. ಓದಿದವಳು ನಾನು. ಅಜ್ಜಿ, ಎಲೆಯಡಿಕೆ ಕವಳ ಹಾಕಿಕೊಂಡು ಸುಮ್ಮನೆ ಕೂರು ಎಂದು ಅವಳ ಸುಣ್ಣದ ಡಬ್ಬಿಯ ಮುಚ್ಚಳ ತೆಗೆದು ಕೊಟ್ಟು ಬಾಯಿ ಮುಚ್ಚಿಸುತ್ತಿದ್ದೆ.

ಆ ಭಾನುವಾರದ್ದು ನಿಮಗೆ ಹೇಳಬೇಕಾಗಿಲ್ಲ. ಆದರೆ ಬರೆಯದೆ ನನಗೆ ಮುಂದೆ ಹೋಗಲು ಆಗುತ್ತಿಲ್ಲ. ನೀವು ಜಗಲಿಯಲ್ಲಿ ಅವಲಕ್ಕಿ ತಿನ್ನುತ್ತಿದ್ದಿರಿ. ನಾನು ಬಚ್ಚಲಲ್ಲಿದ್ದೆ, ಅವ್ವ ತೊಟ್ಟಿಲು ತೂಗುತ್ತಿದ್ದಳು. ಅಭಿ ಕೂಗಿದ್ದು ಕೇಳಿತು. ಹಸಿವಿನ ಕೂಗಲ್ಲ, ಅಂಥ ಕೂಗನ್ನು ನಾನು ಅವತ್ತಿನವರೆಗೆ ಕೇಳಿರಲಿಲ್ಲ. ಒದ್ದೆ ಸೀರೆ ಸುತ್ತಿಕೊಂಡು ಓಡಿ ಬಂದರೆ ನನಗಿಂತ ಮೊದಲು ನೀವು ಅಲ್ಲಿದ್ದಿರಿ. ದಿಂಬು ಸರಿದಿತ್ತು. ಬಿಳಿ ಬಟ್ಟೆಯ ಮೇಲೆ ರಕ್ತ. ದಿಂಬಿನ ಬದಿಯಲ್ಲಿ ಎರಡು ಬೆರಳಷ್ಟು ಅಲಗು ಹೊಳೆಯುತ್ತಿತ್ತು. ಮಲಗಿದಾಗ ಕೈ ಮೇಲೆತ್ತಿ ಮಲಗುವ ಮಗು ಅದು. ಅಯ್ಯೋ ಅಯ್ಯೋ ಚಾಕು ತೆರೆದುಕೊಂಡಿದೆ ಎಂದು ಕಿರುಚಿದವಳು ನಾನೇ. ನನ್ನ ಆ ಒಂದು ಮಾತನ್ನೇ ಮಂಜಣ್ಣ ಹಿಡಿದುಕೊಂಡ.

ಅವನು ಏನೇನು ಅಂದ ಎಂದು ಮತ್ತೆ ಬರೆಯುವುದಿಲ್ಲ. ನಮ್ಮ ಮನೆಯ ಮಾಡಿನಡಿ ನಾಲ್ಕು ಕುಡುಗೋಲು, ಎರಡು ಕತ್ತಿ ವರ್ಷವಿಡೀ ಸಿಕ್ಕಿಸಿರುತ್ತವೆ, ಅವುಗಳಿಗೆ ಹೆದರದವರು ಅವತ್ತು ನಿಮ್ಮ ಗೇಣುದ್ದದ ಚಾಕುವಿಗೆ ನಿಮ್ಮನ್ನು ಕೊಲೆಗಾರ ಎಂದರು. ನೀವು ಚಾಕು ಕೈಗೆತ್ತಿಕೊಂಡು ನೋಡಿದಿರಿ. ಆಮೇಲೆ ನನ್ನ ಮುಖ ನೋಡಿದಿರಿ. ಆಮೇಲೆ ಹೆಬ್ಬೆರಳಿನಿಂದ ಒಳಗಿನ ಪಟ್ಟಿಯನ್ನು ಬದಿಗೆ ಸರಿಸಿ, ಚಾಕು ಮಡಚಿ ಕಿಟಕಿಯ ಮೇಲಿಟ್ಟು, "ನಂದೇ ತಪ್ಪು" ಎಂದಿರಿ. ಸಿರಸಿಯ ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವಾಗ ಮಗುವಿನ ಕಾಲು ಹಿಡಿದುಕೊಂಡಿದ್ದವರೂ ನೀವೇ. ವಾಪಸು ತಂದುಬಿಟ್ಟು ಅಂಗಳದಿಂದಲೇ ಹೊರಟುಹೋದಿರಿ.

ಈಗ ನಿನ್ನೆಯದ್ದು ಹೇಳುತ್ತೇನೆ, ನಗಬೇಡಿ. ಕೆರಿಯಣ್ಣನ ಸುದ್ದಿ ಕೇಳಿದ ಮೇಲೆ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಚಾಕುವಿನಲ್ಲೇ ಏನಾದರೂ ಐಬು ಸಿಕ್ಕರೆ, ಮಾಡಿದ ಕಂಪನಿಯವನ ತಪ್ಪು ಎಂದಾಗಿ ಎಲ್ಲರೂ ಬಚಾವಾಗಬಹುದು ಎನಿಸಿತು. ಮಗುವನ್ನು ಅವ್ವನ ಕೈಗೆ ಕೊಟ್ಟು, ಸಾಂಬಾರಿಗಿಟ್ಟಿದ್ದ, ಸೌತೆಯಂಥ ದಪ್ಪ ಮೊಗೆಕಾಯಿಯೊಂದನ್ನು ತಂದು ತೊಟ್ಟಿಲಲ್ಲಿ ಮಲಗಿಸಿದೆ. ತಲೆಗೆ ಸಾಸಿವೆ ದಿಂಬು, ದಿಂಬಿನ ಕೆಳಗೆ ಮರದ ಹಿಡಿಯ ಚಾಕು. ತೂಗಿದೆ. ಐವತ್ತು ಸಲ ಲೆಕ್ಕ ಹಾಕಿ ತೂಗಿದೆ. ಎತ್ತಿ ನೋಡಿದರೆ ಅಲಗು ಮಿಸುಕಿಲ್ಲ. ದಿಂಬು ಒತ್ತಿದೆ, ಗುದ್ದಿದೆ, ತೊಟ್ಟಿಲನ್ನು ಗೋಡೆಗೆ ಬಡಿಸಿದೆ. ಊಹೂಂ. ಹಸಿರಿನದೂ ಹಾಗೆಯೇ. ಕರಿಯದು ಎಂಟನೇ ತೂಗಿಗೆ ಇಣುಕಿತು, ಹನ್ನೊಂದಕ್ಕೆ ಅರ್ಧ ಹೊರಬಂತು, ಅಲ್ಲೇ ನಿಂತಿತು. ಮತ್ತೆ ಮತ್ತೆ ಮಾಡಿದೆ. ಅರ್ಧಕ್ಕಿಂತ ಮುಂದೆ ಒಂದು ಸಲವೂ ಹೋಗಲಿಲ್ಲ, ಲಾಕು ಒಂದು ಸಲವೂ ಬೀಳಲಿಲ್ಲ. ಮೂರರಲ್ಲಿ ತೀರಾ ಸಡಿಲದ್ದೇ ತಾನಾಗಿ ಲಾಕಾಗುವುದಿಲ್ಲ. ಹಾಗಿದ್ದ ಮೇಲೆ ತೀರಾ ಬಿಗಿಯದ್ದು ಹೇಗೆ ಆಗುತ್ತದೆ?

ಅವತ್ತು ಅದು ಲಾಕಾಗಿತ್ತು. ನೀವು ಪಟ್ಟಿ ಸರಿಸಿಯೇ ಮಡಚಿದ್ದು. ನೆನಪಾದದ್ದೇ ತಡ, ತೊಟ್ಟಿಲ ಹಗ್ಗ ಕೈಯಿಂದ ಜಾರಿತು. ಯಾರದೋ ಬೆರಳು ಅದನ್ನು ಪೂರ್ತಿ ತೆರೆದಿತ್ತು. ಮತ್ತೆ ಅದು ನಿಮಗೆ ಆ ಕ್ಷಣದಲ್ಲೇ ಗೊತ್ತಾಗಿತ್ತು. ಗೊತ್ತಿದ್ದೂ ನಂದೇ ತಪ್ಪು ಎಂದದ್ದು ಯಾಕೆ? ಗೊತ್ತಿದ್ದೂ ಕಪಾಟು ಖಾಲಿ ಮಾಡಿದ್ದು ಯಾಕೆ? ಒಳ್ಳೆಯತನಕ್ಕೂ ಒಂದು ಮಿತಿ ಬೇಡವೇ? ನನಗೆ ನಿಮ್ಮ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅಷ್ಟರಲ್ಲಿ ಮಂಜಣ್ಣ ಒಳಬಂದ. ತಂಗಿ ಮೊಗೆಕಾಯಿ ತೂಗುತ್ತಿರುವುದನ್ನು ನೋಡಿ ನನಗೆ ತಲೆ ಕೆಟ್ಟಿದೆ ಎಂದೇ ತಿಳಿದ. ನಾನು ಬಿಡಲಿಲ್ಲ. ಅವನನ್ನು ಕೂರಿಸಿ, ಮೂರು ಚಾಕುವನ್ನೂ ಅವನ ಕೈಯಿಂದಲೇ ದಿಂಬಿನಡಿ ಇಡಿಸಿ, ಅವನ ಕೈಯಿಂದಲೇ ತೂಗಿಸಿದೆ. ಕೆಂಪಗಿದ್ದ ಅವನ ಮುಖ ಸಣ್ಣಗಾಯಿತು. "ಹಂಗಾರೆ ತೆಗ್ದೋರ್ಯಾರು?" ಎಂದ. ಅವ್ವ ನನ್ನನ್ನು ನೋಡಿದಳು, ನಾನು ಮೊಗೆಕಾಯಿ ನೋಡಿದೆ.

ಆಗ ಮೂಲೆಯಲ್ಲಿ ಕೂತಿದ್ದ ಅಜ್ಜಿ, ಕವಳ ಉಗಿದು ಬಂದು, "ನಾನೇ ಮಾರಾಯಾ. ಅಲಗಿಗೆ ಗಾಳಿ ಆಡ್ಲಿ ಅಂತ ನಾನೇ ತೆಗ್ದಿಟ್ಟೆ" ಎಂದಳು. ಹವಾಮಾನ ಹೇಳಿದಷ್ಟು ಆರಾಮಾಗಿ! ಎಂಬತ್ತು ದಾಟಿದ ಮುದುಕಿಯನ್ನು ಮಂಜಣ್ಣ ಏನೆಂದು ಬೈಯುತ್ತಾನೆ? ಹೊರಗೆ ಹೋಗಿ ಬಹಳ ಹೊತ್ತು ಅಂಗಳದಲ್ಲಿ ನಿಂತಿದ್ದ. ಆಮೇಲೆ ಬಂದು, ಭಾವನಿಗೆ ಬರೂಕೆ ಹೇಳು, ನಾನೇ ಕಾಲಿಗೆ ಬೀಳ್ತೆ ಎಂದ. ಅವನ ಬಾಯಲ್ಲಿ ಆ ಮಾತು ಬಂದದ್ದು ನಾನು ಹುಟ್ಟಿದ ಮೇಲೆ ಇದೇ ಮೊದಲು.

ಹಾಗಾಗಿ ಇನ್ನು ಯಾವ ತೊಡಕೂ ಇಲ್ಲ. ಗುರುವಾರ ಅಭಿಗೆ ಮೂರು ತಿಂಗಳು ತುಂಬುತ್ತದೆ. ತೊಟ್ಟಿಲಿಂದ ಮಗುವನ್ನು ಅಪ್ಪನೇ ಎತ್ತಿಕೊಂಡು ಹೊಸಿಲು ದಾಟಬೇಕು. ಅತ್ತೆಯೊಬ್ಬರೇ ಬಂದರೆ ನಾನು ಹೊರಡುವುದಿಲ್ಲ, ಈಗಲೇ ಹೇಳಿದ್ದೇನೆ. ಕಪಾಟು ಮತ್ತೆ ತುಂಬಿಸಿ. ನಿಮಗೆ ಚಾಕು ಗೊತ್ತಾಗುತ್ತದೆ. ನೀವು ಆರಿಸಿ ಇಟ್ಟದ್ದು ಸರಿಯಾಗಿಯೇ ಇತ್ತು.

ನಿಮ್ಮ ದಾರಿ ನೋಡುತ್ತಿರುವ,
ಭೂಮಿಕಾ

ತಾ.ಕ.: ಪತ್ರ ಮಡಚಿ, ಡಬ್ಬಿ ಕಟ್ಟಲು ಕೂತಿದ್ದೆ. ಅಜ್ಜಿ ಬಂದು ಸುಣ್ಣದ ಡಬ್ಬಿ ಮುಂದೆ ಹಿಡಿದಳು, ಮುಚ್ಚಳ ತೆಗೆದುಕೊಡು ಎಂದು. ದಿನಾ ತೆಗೆದುಕೊಡುವುದು ನಾನೇ. ಸೊಟ್ಟಗಾದ ಆ ಬೆರಳುಗಳಲ್ಲಿ ಅಷ್ಟೂ ಬಲವಿಲ್ಲ. ಮರದ ಹಿಡಿಯ ಚಾಕುವನ್ನು ಅವಳ ಮುಂದೆ ಇಟ್ಟು, ತೆಗಿ ನೋಡುವಾ ಎಂದೆ. ಅವಳು ಮುಟ್ಟಲಿಲ್ಲ. "ನಿಂಗೆ ಹೇಳೂಕೆ ಧೈರ್ಯ ಬರೂವರಿಗೆ ನನ್ನ ಹೆಸ್ರು ಇರ್ಲಿ ಮಗಾ" ಎಂದಳು.

ಮೇಲೆ ಬರೆದದ್ದನ್ನೆಲ್ಲ ಓದುವಾಗ ನಿಮಗೆ ಎಷ್ಟು ಅಸಹ್ಯವಾಗಿರಬೇಕು! ನಿಮಗೆ ಮೊದಲೇ ಗೊತ್ತು. ಆ ಭಾನುವಾರಕ್ಕೆ ಎರಡು ದಿನ ಮೊದಲು ಫೋನಿನಲ್ಲಿ, ಮರದ ಚಾಕು ನನಗೆ ಬಂತು ರೀ, ಒಂದೇ ಒತ್ತಿಗೆ ಟಕ್ ಎಂದಿತು ಎಂದು ಕುಣಿದವಳು ನಾನೇ. ಭಲೇ ಎಂದಿದ್ದಿರಿ. ಮನೆಯಲ್ಲಿ ಇನ್ನು ಯಾರಿಗೂ ಅದನ್ನು ಹೇಳಿರಲಿಲ್ಲ. ಅವತ್ತು ನೀವು ನನ್ನ ಮುಖ ನೋಡಿದ್ದು ಅದಕ್ಕೇ.

ಆ ಭಾನುವಾರದ ಮೊದಲು ಸಾಲಾಗಿ ಮೂರು ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಭಿ ಬಿಡದೆ ಅತ್ತಿದ್ದಳು. ನನಗೆ ಹೆದರಿಕೆಯಾಗಿತ್ತು. ತಾಯಿ ಬಚ್ಚಲಿಗೆ ಹೋದಾಗ ಮಗುವಿಗೆ ಕಬ್ಬಿಣವೇ ಕಾವಲು ಎಂದು ಅಜ್ಜಿ ಹೇಳುತ್ತಲೇ ಇದ್ದಳು. ಸ್ನಾನಕ್ಕೆ ಹೊರಟವಳು ತಿರುಗಿ ಬಂದು, ಅಜ್ಜಿಯೆದುರೇ ಚಾಕು ತೆರೆದು ದಿಂಬಿನಡಿ ತಳ್ಳಿದೆ. ಬಂದ ಕೂಡಲೇ ಮಡಚಿದರಾಯಿತು ಎಂದುಕೊಂಡೆ. ಆಮೇಲೆ ರಕ್ತ ನೋಡಿ ಕಿರುಚಿದಾಗ ಬಾಯಿಗೆ ಬಂದದ್ದು, ತೆರೆದಿಟ್ಟೆ ಎಂದಲ್ಲ, ತೆರೆದುಕೊಂಡಿದೆ ಎಂದು. ಇಪ್ಪತ್ತೊಂಬತ್ತು ದಿನ ಆ ಸುಳ್ಳಿನ ಜೊತೆ ಊಟ ಮಾಡಿದ್ದೇನೆ, ಮಗುವಿಗೆ ಹಾಲು ಕೊಟ್ಟಿದ್ದೇನೆ. ನಾನು ಇಂಥವಳು ಎಂದು ನನಗೇ ಗೊತ್ತಿರಲಿಲ್ಲ.

ಕೆರಿಯಣ್ಣ ಹಾರ್ನು ಹೊಡೆಯುತ್ತಿದ್ದಾನೆ. ಮತ್ತೆ ಬರೆದು ತಿದ್ದುವುದಿಲ್ಲ, ಇದ್ದ ಹಾಗೇ ಕಳಿಸುತ್ತೇನೆ. ಬರುವುದು ಬಿಡುವುದು ಈಗ ನಿಮಗೆ ಬಿಟ್ಟದ್ದು. ಡಬ್ಬಿ ತೆರೆದಾಗ ಎರಡೇ ಚಾಕು ಸಿಗುತ್ತವೆ, ಇನ್ನೊಂದು ದಾರಿಯಲ್ಲಿ ಕಳೆಯಿತಾ ಎಂದು ಅವನನ್ನು ಕೇಳಬೇಡಿ. ಮರದ ಹಿಡಿಯದ್ದು ನನ್ನ ಕೈಯಲ್ಲಿದೆ. ಮಂಜಣ್ಣ ಜಗಲಿಯಲ್ಲಿ ಕೂತಿದ್ದಾನೆ. ಈಗ ಹೋಗಿ ಅವನ ಮುಂದೆ ಅದನ್ನು ಒಂದೇ ಒತ್ತಿಗೆ ತೆರೆದು ತೋರಿಸಬೇಕು.